ದುಲ್ಸಿನ್ ಬಾಯಿಯ ಪೆಟ್ಟಿಗೆ

ಬೀಗದ ಕೈ ಎಷ್ಟು ತಿರುಗಿಸಿದರೂ ತಿರುಗಲಿಲ್ಲ. ಸೆರಾಫಿನ್ ಬೀಗದೊಳಗೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟು, ಹಲ್ಲು ಕಚ್ಚಿ ಇನ್ನೊಮ್ಮೆ ತಿರುಗಿಸಿದಳು. ಪಕ್ಕದ ಮಂಚದಲ್ಲಿ, ತೀರಿಕೊಂಡ ಅವಳ ತಾಯಿ ದುಲ್ಸಿನ್ ಬಾಯಿಯ ಹೆಣವನ್ನು ಮೀಯಿಸಿ, ಹೊದಿಕೆ ಹೊದಿಸಿ ಮಲಗಿಸಿದ್ದರು. ಉಡಿಸುವ ಬಟ್ಟೆ ಇನ್ನೂ ಪೆಟ್ಟಿಗೆಯೊಳಗೇ ಇತ್ತು.

"ಸಿಕ್ಕಿತಾ ಮಾರಾಯ್ತಿ? ಹತ್ತು ಗಂಟೆಗೆ ಪೂಜೆ ಉಂಟು, ಪಾದ್ರಿಯಾಬ್ ಕಾಯುವವರಲ್ಲ," ಎಂದಳು ನಾತಾಲ್ ಬಾಯಿ. ಸತ್ತವಳ ತಂಗಿ, ವಿಧವೆಯಾದ ಮೇಲೆ ಅಕ್ಕನ ಮನೆಯಲ್ಲೇ ಇದ್ದವಳು.

ಬೀಗ ಬಿಚ್ಚಿತು. ಅರವತ್ತು ದಾಟಿದ ಮೇಲೆ ಸಾವಿನ ಬಟ್ಟೆಯನ್ನು ತಾವೇ ಮಡಚಿಡುವುದು ಆ ಕಡೆಯ ಕ್ರೈಸ್ತ ಹೆಂಗಸರ ರೂಢಿ. ದುಲ್ಸಿನ್ ಬಾಯಿ ತನ್ನ ಬಿಳಿ ಸೀರೆಗಾಗಿ ಬಂಟ್ವಾಳ ಪೇಟೆಯ ಮೂರು ಅಂಗಡಿ ಹತ್ತಿ ಇಳಿದಿದ್ದಳು. ಮದುವೆಯ ಸೀರೆಗೂ ಅಷ್ಟು ಸತಾಯಿಸಿರಲಿಲ್ಲವೆಂದು ಗಂಡ ಬದುಕಿದ್ದರೆ ಹೇಳುತ್ತಿದ್ದ. ಸೀರೆ, ರವಕೆ, ಜಪಮಾಲೆ, ಮಂತ್ರಿಸಿದ ಮೇಣದಬತ್ತಿ, ಎಲ್ಲವೂ ಮೇಲೇ ಇದ್ದವು.

"ಪುಣ್ಯವಂತೆ. ವಾತ ಬಡಿದು ಮಾತು ಹೋಗಿ ತಿಂಗಳಾಯ್ತಲ್ಲ? ಈ ಒಂದು ವಾರ ದಿನಾ ಎಡಗೈ ಎತ್ತಿ ಪೆಟ್ಟಿಗೆ ತೋರಿಸ್ತಿದ್ದಳು. ಬಟ್ಟೆ ತೆಗೆದಿಡಿ ಅಂತ. ಜೀವ ಇರುವಾಗ ಅದನ್ನು ತೆಗೀಲಿಕ್ಕುಂಟಾ? ನಾನು ಮುಟ್ಟಲಿಲ್ಲ," ಎಂದು ನಾತಾಲ್ ಬಾಯಿ ಮೂಗು ಒರೆಸಿಕೊಂಡಳು.

ಪೆಟ್ಟಿಗೆಯ ಅಡಿಯಲ್ಲಿ ನೀಲಿ ಕರವಸ್ತ್ರದಲ್ಲಿ ಕಟ್ಟಿದ ಇನ್ನೊಂದು ಗಂಟು ಇತ್ತು. ಅದನ್ನು ಬಿಚ್ಚುವಷ್ಟು ಹೊತ್ತು ಯಾರಿಗಿತ್ತು? ಸೆರಾಫಿನ್ ಮುಚ್ಚಳ ಹಾಕಿದಳು.

ಬಾಗಿಲ ಬಳಿ ಮಗಳು ಅಪೊಲಿನ್ ಗೋಡೆಗೆ ಒರಗಿ ನಿಂತಿದ್ದಳು. ಹದಿಮೂರು ವರ್ಷ. ಅಜ್ಜಿಯ ಆರೈಕೆಗೆಂದು ತಿಂಗಳ ಹಿಂದೆ ಮೂಡುಬಿದಿರೆಯಿಂದ ಕಳಿಸಿಕೊಟ್ಟಿದ್ದರು. ಬೆಳಗ್ಗೆ ಮೊದಲ ಬಸ್ಸಿಗೆ ತಾಯಿ ಬಂದಿಳಿದಾಗಲೂ ಹುಡುಗಿ ಅಳಲಿಲ್ಲ, ಹತ್ತಿರ ಬರಲಿಲ್ಲ. ದುಃಖಕ್ಕೆ ಹಾಗಾಗಿದೆ ಎಂದು ಸೆರಾಫಿನ್ ತಿಳಿದುಕೊಂಡಿದ್ದಳು.

ಇಗರ್ಜಿಯಲ್ಲಿ ಅದು ಬರೀ ದುಃಖವಲ್ಲವೆಂದು ಗೊತ್ತಾಯಿತು. ಸತ್ತವರ ಆತ್ಮಕ್ಕಾಗಿ ಮನೆಯವರೆಲ್ಲ ಪಾಪನಿವೇದನೆ ಮಾಡಿ, ಪೂಜೆಯಲ್ಲಿ ಪರಮ ಪ್ರಸಾದ ತೆಗೆದುಕೊಳ್ಳಬೇಕು. ಅದಕ್ಕಾಗಿ ಹಿಂದಿನ ರಾತ್ರಿಯಿಂದ ಯಾರೂ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಸೆರಾಫಿನ್ ತನ್ನ ಸರದಿ ಮುಗಿಸಿ ಏಳುವಾಗ ಸಾಲಿನಲ್ಲಿ ಮಗಳಿರಲಿಲ್ಲ. ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ನಿನ್ನ ಹುಡುಗಿ ಏಳಲೇ ಇಲ್ಲ ನೋಡು. ಅಜ್ಜಿಯ ಹೆಣ ಎದುರಿರುವಾಗ ಪ್ರಸಾದ ತಗೊಳ್ಳದಿದ್ರೆ ಜನ ಏನು ಹೇಳ್ತಾರೆ?" ನಾತಾಲ್ ಬಾಯಿ ಮುಸುಕಿನೊಳಗಿಂದಲೇ ಪಿಸುಗುಟ್ಟಿದಳು. "ಈ ವಯಸ್ಸಿಗೆ ಅಂಥದ್ದೇನು ಪಾಪ?"

ಸೆರಾಫಿನ್ ಹೋಗಿ ಮಗಳ ಪಕ್ಕದಲ್ಲಿ ಕೂತಳು.

"ಬಾಯೆ, ಹೋಗು. ಸಾಲು ಮುಗೀತಾ ಬಂತು."

"ನನ್ನಿಂದ ಆಗುದಿಲ್ಲ ಮಾಯ್."

"ಯಾಕೆ?"

"ಹೇಳ್ಲಿಕ್ಕೆ ಆಗುದಿಲ್ಲ."

ಏನಾಯಿತೆಂದು ಕೇಳಬೇಕಿತ್ತು. ಆದರೆ ಕೇಳಿದರೆ ಹುಡುಗಿ ಎಲ್ಲಿ ಹೇಳಿಬಿಡುತ್ತಾಳೋ ಎಂಬ ಹೆದರಿಕೆ ಹೆಚ್ಚಾಯಿತು. "ಹಾಗಾದ್ರೆ ನನಗೆ ಹೇಳ್ಬೇಡ. ಪಾದ್ರಿಯಾಬರ ಹತ್ರ ಹೇಳು," ಎಂದಳು.

ಅದು ಅವಳ ಮಾತಾಗಿರಲಿಲ್ಲ. ಎದುರಿಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದವಳ ಮಾತು, ಅದೇ ಗಡಸಿನಲ್ಲಿ ಹೊರಬಿದ್ದಿತ್ತು.

*

ದುಲ್ಸಿನ್ ಬಾಯಿ ಮೂವತ್ತೈದು ವರ್ಷ ಇಗರ್ಜಿಯ ಬಲಿಪೀಠದ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದವಳು. ಹರಿದದ್ದಕ್ಕೆ ಹೊಸದು ಹೊಲಿದು, ಮೂಲೆಯಲ್ಲಿ ಕೆಂಪು ನೂಲಿನ ಪುಟ್ಟ ಶಿಲುಬೆ ಹಾಕುತ್ತಿದ್ದಳು. ಅವನ್ನು ಮುಟ್ಟುವ ಮೊದಲು ಮನೆಯ ಮಕ್ಕಳು ಎರಡು ಕೈಗಳನ್ನೂ ಲಂಗಕ್ಕೆ ಎರಡೆರಡು ಸಲ ಒರೆಸಬೇಕು. ಒರೆಸದಿದ್ದರೆ ಬೆರಳ ಗೆಣ್ಣಿಗೆ ಒಂದು ಏಟು.

ಒಂದು ಶುಕ್ರವಾರ ಹದಿಮೂರರ ಸೆರಾಫಿನ್ ಅಂಥ ಬಟ್ಟೆ ಮಡಚುತ್ತಿದ್ದವಳು ಎದ್ದು ನೋಡಿದರೆ ಲಂಗದಲ್ಲಿ ರಕ್ತ. "ಮಾಯ್, ನಾನು ಸಾಯ್ತೇನಾ?" ಎಂದು ಓಡಿಬಂದಳು. ತಾಯಿ ಮೊದಲು ಮಾಡಿದ್ದು ಅವಳ ಕೈಯಿಂದ ಇಗರ್ಜಿಯ ಬಟ್ಟೆಯನ್ನು ಕಿತ್ತುಕೊಂಡದ್ದು. ಮತ್ತೆ ಹಳೇ ಮುಂಡೊಂದನ್ನು ಪರ್ರನೆ ಹರಿದು ಅವಳತ್ತ ಎಸೆದಳು.

"ಹೆಂಗಸರಿಗೆ ಆಗುದು. ಈ ದಿನಗಳಲ್ಲಿ ಇದನ್ನು ಮುಟ್ಬೇಡ. ಗಂಡು ಹುಡುಗರ ಹತ್ರ ನಗಾಡ್ಬೇಡ."

"ಯಾಕೆ ಮಾಯ್? ನಾನೇನು ಮಾಡಿದೆ?"

"ನನಗೆ ಹೇಳ್ಬೇಡ. ಏನಿದ್ರೂ ಪಾದ್ರಿಯಾಬರ ಹತ್ರ ಹೇಳು."

ಶನಿವಾರ ಇಗರ್ಜಿಗೆ ಹೋಗಿ ಪಾಪನಿವೇದನೆಯ ಜಾಲರಿಯ ಮುಂದೆ ಮೊಣಕಾಲೂರಿದಳು. ಹೇಳಬೇಕಾದದ್ದಕ್ಕೆ ಹೆಸರೇ ಗೊತ್ತಿರಲಿಲ್ಲ. ಬೆಲ್ಲ ಕದ್ದೆ ಎಂದಳು. ಬೆಲ್ಲಕ್ಕೆ ಮೂರು ನಮೋ ಮರಿಯ ಜಪದ ಪ್ರಾಯಶ್ಚಿತ್ತ ಸಿಕ್ಕಿತು. ಉಳಿದದ್ದು ಗಂಟಲಲ್ಲೇ ಉಳಿಯಿತು. ಹದಿನೇಳಕ್ಕೆ ಮದುವೆ ಮಾಡಿ ಕಳಿಸುವಾಗಲೂ ಯಾರೂ ಒಂದು ಮಾತು ಹೇಳಲಿಲ್ಲ. ಗಂಡ ಒಳ್ಳೆಯವನಾದದ್ದು ಅವಳ ಅದೃಷ್ಟ. ಅಂದಿನಿಂದ ಪ್ರತಿ ಪಾಪನಿವೇದನೆಯಲ್ಲೂ ಏನನ್ನೋ ಬಚ್ಚಿಟ್ಟುಕೊಂಡಂತೆ ಅನಿಸುತ್ತಿತ್ತು. ಅಪೊಲಿನ್ ಹುಟ್ಟಿದಾಗ, ಇವಳಿಗೆ ನಾನೇ ಹೇಳುತ್ತೇನೆಂದು ಸೆರಾಫಿನ್ ನಿಶ್ಚಯ ಮಾಡಿದ್ದಳು. ಈ ವರ್ಷ ನಾಲ್ಕು ಸಲ ಹೇಳಲೆಂದು ಮಗಳನ್ನು ಕರೆದಿದ್ದಳು. ನಾಲ್ಕು ಸಲವೂ ನೀರು ತರಲು ಬಾವಿಗೆ ಕಳಿಸಿದ್ದಳು.

*

ಪ್ರಸಾದದ ಹೊತ್ತಿಗೆ ಮನೆಯವರೆಲ್ಲ ಎದ್ದರು. ಅಪೊಲಿನ್ ಒಬ್ಬಳೇ ಕೂತಿದ್ದಳು. ಇಡೀ ಇಗರ್ಜಿಯ ಕಣ್ಣು ತನ್ನ ಬೆನ್ನ ಮೇಲಿದ್ದಂತೆ ಸೆರಾಫಿನ್‌ಗೆ ಅನಿಸಿತು.

ಗುಂಡಿಯ ಬಳಿ ಇನ್ನೂ ಕಷ್ಟವಾಯಿತು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಹುಡುಗಿಯ ಸರದಿ ಬಂದಾಗ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನು ಹಾಕಬಾರದು," ಎಂದಳು.

ನಾತಾಲ್ ಬಾಯಿ ಶಿಲುಬೆಯ ಗುರುತು ಹಾಕಿಕೊಂಡಳು.

ಮನೆಗೆ ಬಂದವರೇ ಜನ ಗಂಜಿಗೆಂದು ಚಾವಡಿಯಲ್ಲಿ ಕೂತರು. ಸೆರಾಫಿನ್ ಮಗಳ ರಟ್ಟೆ ಹಿಡಿದು ತಾಯಿಯ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲಿಗೆ ಅಗಳಿ ಹಾಕಿದಳು. ಹಗಲು ಹೊತ್ತು ಆ ಮನೆಯಲ್ಲಿ ಯಾರೂ ಅಗಳಿ ಹಾಕಿದ್ದಿಲ್ಲ.

"ಏನಾಯ್ತು ಹೇಳು."

"ಪಾದ್ರಿಯಾಬರ ಹತ್ರ ಹೇಳು ಅಂತ ನೀನೇ..."

"ಬೇಡ. ನನಗೆ ಹೇಳು."

ಹುಡುಗಿ ಒಮ್ಮೆಲೇ ಬಾಯಿ ಬಿಟ್ಟಳು. "ಅಜ್ಜಿ ಹೋದದ್ದು ನನ್ನಿಂದ ಮಾಯ್. ಹೋದ ಆದಿತ್ಯವಾರ ಪೂಜೆಯಲ್ಲಿ ಪಾದ್ರಿಯಾಬರ ಪ್ರಸಂಗ ಮುಗಿಯುವವರೆಗೂ ನಾನು ಪಿಟೀಲು ಬಾರಿಸುವ ಹುಡುಗನನ್ನೇ ನೋಡ್ತಾ ಇದ್ದೆ. ನೋಡ್ಬೇಕು ಅಂತ ಅನಿಸ್ತಿತ್ತು. ಸಂಜೆಗೆ ರಕ್ತ ಬಂತು. ದೇವರು ಕೊಟ್ಟ ಶಿಕ್ಷೆ ಅಂತ ಗೊತ್ತಾಯ್ತು."

"ಯಾರಿಗೆ ಹೇಳಿದೆ?"

"ಅಜ್ಜಿಗೆ ಲಂಗ ತೋರಿಸಿದೆ. ಅವರು ಅತ್ತರು. ಕೈ ಎತ್ತಿ ಪೆಟ್ಟಿಗೆ ತೋರಿಸಿದ್ರು. ಸಾವಿನ ಬಟ್ಟೆ ಕೇಳಿದ್ರು ಮಾಯ್! ನನ್ನ ಪಾಪ ನೋಡಿ ಅವರಿಗೆ ಬದುಕುದೇ ಬೇಡ ಅಂತಾಯ್ತು. ದಿನಾ ತೋರಿಸಿದ್ರು. ನಾನು ತೆಗೀಲಿಲ್ಲ. ಆದ್ರೂ ಹೋದ್ರು."

ಸೆರಾಫಿನ್ ಹೇಳಲೆಂದು ಬಾಯಿ ತೆರೆದಳು. ಒಂದು ಕೊಡ ನೀರು ತಾ ಎಂಬ ಮಾತು ಮಾತ್ರ ನಾಲಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ನಾತಾಲ್ ಬಾಯಿ ಬಾಗಿಲು ಬಡಿದಳು.

"ಸೆರಾಫಿನ್! ಬಡಿಸ್ಲಿಕ್ಕೆ ಜನ ಇಲ್ಲ. ಅಗಳಿ ಹಾಕಿ ಏನು ಮಾಡ್ತಿದ್ದೀರಿ ತಾಯಿ ಮಗಳು?"

ಅಗಳಿ ತೆಗೆದರೆ ಸಾಕಿತ್ತು, ಪಾರಾಗಬಹುದಿತ್ತು. ಅದರ ಮೇಲೆ ಕೈಯೂ ಇಟ್ಟಳು. ಆಗ ಪೆಟ್ಟಿಗೆ ಕಣ್ಣಿಗೆ ಬಿತ್ತು.

ಮುಚ್ಚಳ ಎತ್ತಿ ಅಡಿಯ ಗಂಟನ್ನು ತೆಗೆದಳು. ನೀಲಿ ಕರವಸ್ತ್ರದ ಮೂಲೆಯಲ್ಲಿ ಸೊಟ್ಟ ಹೂವು ಇತ್ತು. ಅಪೊಲಿನ್ ಶಾಲೆಯಲ್ಲಿ ಕಸೂತಿ ಹಾಕಿ ಕ್ರಿಸ್ಮಸ್ಸಿಗೆ ಅಜ್ಜಿಗೆ ಕೊಟ್ಟದ್ದು. ಗಂಟು ಬಿಚ್ಚಿದರೆ ಒಳಗೆ ಹನ್ನೆರಡು ಬಿಳಿ ಬಟ್ಟೆಗಳು, ಸೊಂಟಕ್ಕೆ ಕಟ್ಟುವ ಒಂದು ಲಾಡಿ. ಹಳೆಯ ಮೆತ್ತನೆ ಸೀರೆಯನ್ನು ಅಳತೆಗೆ ಕತ್ತರಿಸಿ, ಅಂಚು ಮಡಚಿ, ಮೈಗೆ ತರಚದಂತೆ ಸಣ್ಣ ಸಣ್ಣ ಹೊಲಿಗೆ ಹಾಕಿತ್ತು. ವಾತ ಬಡಿಯುವ ಮೊದಲೇ, ಕೈ ನೆಟ್ಟಗಿದ್ದಾಗಲೇ ತಾಯಿ ಹೊಲಿದಿಟ್ಟದ್ದು. ಸೆರಾಫಿನ್‌ಗೆ ಅಳು ಉಕ್ಕಿ ಬಂತು. ಮಾತಿದ್ದಾಗ ಒಂದೂ ಹೇಳದವಳು, ಮಾತು ಹೋದ ಮೇಲೆ ವಾರವಿಡೀ ಒಂದೇ ಕೈಯಲ್ಲಿ ಹೇಳಿದ್ದಳು.

"ಅಜ್ಜಿ ತೋರಿಸಿದ್ದು ಸಾವಿನ ಬಟ್ಟೆಯನ್ನಲ್ಲ ಬಾಯೆ," ಎಂದಳು. "ಇದನ್ನು. ನಿನಗೆ ಕೊಡ್ಲಿಕ್ಕೆ, ತಿಂಗಳ ದಿನಗಳಲ್ಲಿ ಕಟ್ಟಿಕೊಳ್ಳಲಿಕ್ಕೆ."

ಬಾಗಿಲು ಮತ್ತೆ ದಡದಡ ಎಂದಿತು. "ಗಂಜಿ ಆರ್ತಾ ಉಂಟು!"

"ಆರಲಿ ಮಾವ್ಶಿ," ಎಂದು ಸೆರಾಫಿನ್ ಒಳಗಿಂದಲೇ ಹೇಳಿ, ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ನೆಲದಲ್ಲಿ ಕೂತಳು. "ಕೂತ್ಕೋ. ನೋಡ್ಬೇಕು ಅಂತ ಅನಿಸುದು ಶಿಕ್ಷೆ ಕೊಡುವಂಥ ಪಾಪ ಅಲ್ಲ. ರಕ್ತ ಶಿಕ್ಷೆ ಅಲ್ಲ. ನನಗೂ ಆಗ ಹದಿಮೂರು. ಇದೇ ಕೋಣೆ. ಬೆಲ್ಲ ಕದ್ದೆ ಅಂತ ಸುಳ್ಳು ಹೇಳಿದ್ದೆ ನಾನು."

ಅಪೊಲಿನ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಮೆಲ್ಲಗೆ ಎದುರು ಕೂತಳು. ಮೇಲಿನ ಬಟ್ಟೆಯ ಮೂಲೆಯಲ್ಲಿ ಕೆಂಪು ನೂಲಿನ ಒಂದು ಪುಟ್ಟ ಶಿಲುಬೆ ಇತ್ತು. ಕೆಳಗಿನದರಲ್ಲೂ ಇತ್ತು, ಅದರ ಕೆಳಗಿನದರಲ್ಲೂ. ಹುಡುಗಿ ಅದನ್ನೇ ನೋಡಿದಳು. ಬೆನ್ನ ಹಿಂದಿನಿಂದ ಕೈಗಳನ್ನು ಮುಂದೆ ತಂದು, ಲಂಗಕ್ಕೆ ಎರಡೆರಡು ಸಲ ಒರೆಸಿ, ಶಿಲುಬೆಯ ಮೇಲೆ ಬೆರಳಿಟ್ಟಳು.