ಗಜದ ಮೇಲಿನ ಕೆಂಪು ದಾರ

ಹೊಗೆ ಇನ್ನೂ ಕರಗಿಲ್ಲ, ಹಿಂದಿನವನು ಹೊಡೆದ ಈಡಿನ ಹೊಗೆ, ಒದ್ದೆ ಬಟ್ಟೆಯ ಹಾಗೆ ಹುಲ್ಲಿನ ಮೇಲೆ ಬಿದ್ದುಕೊಂಡಿದೆ, ಕೊಳೆತ ಮೊಟ್ಟೆಯ ವಾಸನೆ, ಅಪ್ಪನ ಅಂಗಿ ಒಗೆಯುವಾಗ ಬರುವುದೂ ಇದೇ, ಎಷ್ಟು ಸೋಪು ತಿಕ್ಕಿದರೂ ಹೋಗದ್ದು — ಆ ಹೊಗೆಯ ಆಚೆ ಅಪ್ಪ ನಿಂತಿದ್ದಾನೆ, ಕೋವಿಯ ಬಾಯಿಯಿಂದ ಮದ್ದು ಗಿಡಿಯುವ ಸರಳು, ಗಜ, ಎದ್ದು ನಿಂತಿದೆ, ಗಜದ ಮೇಲೆ ಅವಳೇ ಸುತ್ತಿದ ಕೆಂಪು ದಾರ, ಆ ದಾರ ಅಲ್ಲಿರಬಾರದು. ಈಡು ತುಂಬಿ ಗಜ ಇಳಿಸಿದರೆ ದಾರ ನಳಿಗೆಯ ಬಾಯಿಗೆ ಸರಿಯಾಗಿ ಬಂದು ಕೂರಬೇಕು, ಈಗ ಎರಡು ಬೆರಳು ಮೇಲಿದೆ, ಎರಡೇ ತಾನೆ, ಗುರಿ ಹೊಡೆಯುವ ಪಂದ್ಯದ ಹಗ್ಗದ ಈಚೆ ನಿಂತವಳಿಗೆ ಏನು ಕಂಡೀತು, ಬಿಸಿಲು ಕಣ್ಣಿಗೇ ಹೊಡೆಯುತ್ತಿದೆ, ಇಲ್ಲ, ಕಾಣುತ್ತದೆ, ಎರಡು ಬೆರಳು. ಹೆಬ್ಬೆರಳಿನಿಂದ ಸವರಿ ನೋಡಪ್ಪ, ಒಂದೇ ಒಂದು ಸಲ. ಮನೆಯಲ್ಲಾದರೆ ಸವರುತ್ತಿದ್ದ, ಕಣ್ಣಿಗೆ ಪೊರೆ ಬಂದದ್ದನ್ನು ಅವನಾಗಿ ಹೇಳಲಿಲ್ಲ, ಗಜದ ಹಳೆಯ ಗೀರನ್ನು ಉಗುರಿನಲ್ಲಿ ತಡಕುವುದನ್ನು ಕಂಡು ಅವಳೇ ಒಂದು ಮಧ್ಯಾಹ್ನ ದಾರ ಸುತ್ತಿ ಮೇಣ ಮೆತ್ತಿಟ್ಟಳು, ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಜನರ ಮುಂದೆ ಮಾತ್ರ ಸವರುವುದಿಲ್ಲ, ಕಣ್ಣಿದ್ದವನ ಹಾಗೆ ಕತ್ತು ಬಗ್ಗಿಸಿ ನೋಡುತ್ತಾನೆ, ಈಗಲೂ ನೋಡುತ್ತಿದ್ದಾನೆ, ದಾರವನ್ನೇ ನೋಡುತ್ತಿದ್ದಾನೆ, ತಲೆಯಾಡಿಸುತ್ತಾನೆ, ಸರಿಯಿದೆ ಎಂಬಂತೆ.

ಎಲ್ಲಿ ತಪ್ಪಿತು, ಮೊದಲು ಮದ್ದು, ಮೇಲೆ ರಟ್ಟಿನ ಬಿಲ್ಲೆ, ಆಮೇಲೆ ಚರೆ, ಅದರ ಮೇಲೊಂದು ಬಿಲ್ಲೆ, ಇದಿಷ್ಟು ಅವಳಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ, ಶಾಲೆ ಬಿಟ್ಟ ಮೇಲೆ ಚಪ್ಪಲಿ ಡಬ್ಬಿಗಳಿಂದ ಬಿಲ್ಲೆ ಕತ್ತರಿಸಿಯೇ ಅವಳ ಬೆರಳು ದಡ್ಡುಗಟ್ಟಿದ್ದು. ಅಪ್ಪ ತುಂಬುತ್ತಿದ್ದ, ನಡುವೆ ಸೀಟಿ ಊದಿದರು, ಯಾರದೋ ಗುರಿಯ ಕಾಗದ ಗಾಳಿಗೆ ಕಿತ್ತು ಹೋಯಿತಂತೆ, ಎಲ್ಲರೂ ಕೋವಿ ಕೆಳಗಿಟ್ಟು ಹಿಂದೆ ಬಂದರು, ಭಾವ ಆಗಲೇ ಶುರು ಮಾಡಿದ್ದು, ಮಾವ, ನಿಮ್ಮ ಈಡಿಗೆ ಇರುವೆನೂ ಸಾಯಲ್ಲ, ಮುಜುಗರ ಪಟ್ಕೊಂಡು ಆ ಕಡೆ ಹೋಗತ್ತೆ ಅಷ್ಟೇ. ಕಾಗದ ಸಾಯ್ಬೇಕಾಗಿಲ್ಲ ಕಣಪ್ಪ, ತೂತಾದ್ರೆ ಸಾಕು, ಅಪ್ಪ ಅಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಸೆರಗಿನಲ್ಲಿ ಬಾಯಿ ಮುಚ್ಚಿ ತಲೆ ತಗ್ಗಿಸಿದಳು, ತಲೆ ಎತ್ತುವಷ್ಟರಲ್ಲಿ ಮತ್ತೆ ಸೀಟಿ, ಅಪ್ಪ ಮತ್ತೆ ಕೋವಿಯ ಹತ್ತಿರ, ಕೈಯಲ್ಲಿ ಅಳತೆಯ ಕೊಂಬು — ಮದ್ದು ಒಳಗಿದ್ದದ್ದು ನೆನಪಿಲ್ಲದೆ ಮೊದಲಿನಿಂದ ಶುರು ಮಾಡಿದನೇ. ಅಥವಾ ಭಾವನ ಮಾತು ನಾಟಿ ದೊಡ್ಡ ಕೊಂಬಿನಲ್ಲಿ ಸುರಿದನೇ, ಅವನ ಜೇಬಿನಲ್ಲಿ ಎರಡೂ ಇರುತ್ತವೆ, ಹಂದಿಗೆ ದೊಡ್ಡದು, ಕಾಗದಕ್ಕೆ ಚಿಕ್ಕದು. ಹಾಗಿದ್ದರೆ ಒಳ್ಳೆಯದು, ದೊಡ್ಡ ಕೊಂಬಾದರೆ ಗುರಿ ತಪ್ಪುತ್ತದೆ ಅಷ್ಟೇ, ಬೇಲಿಗೆ ಹಳೆಯ ಪೇಪರು ಕಟ್ಟಿ ಇಬ್ಬರೂ ನೋಡಿದ್ದರಲ್ಲ, ಮದ್ದು ಹೆಚ್ಚಿದಾಗ ಚರೆಯೆಲ್ಲ ಸುತ್ತಲೂ ಚದುರಿ ನಡುವೆ ಬುಟ್ಟಿಯಗಲ ಖಾಲಿ, ಕಮ್ಮಿ ಮಾಡುತ್ತ ಬಂದ ಹಾಗೆ ತೂತುಗಳು ಕಾಳಿಗೆ ಸೇರಿದ ಕೋಳಿಗಳ ಹಾಗೆ ಒತ್ತಾದವು, ಅವಳು ಎಣಿಸಿ ಕೂಗಿದಳು, ಅಪ್ಪ ನಕ್ಕ, ಇದೇ ನಮ್ಮ ಈಡು ಮಗಾ, ಇನ್ನು ಇದನ್ನ ಮುಟ್ಟೋದು ಬೇಡ. ಆದರೆ ದೊಡ್ಡ ಕೊಂಬಿಗೆ ದಾರ ಅರ್ಧ ಬೆರಳು ಏರುತ್ತದೆ, ಎರಡು ಏರುವುದಿಲ್ಲ, ಎರಡು ಬೆರಳೆಂದರೆ ಈಡಿನ ಮೇಲೆ ಈಡು, ಆ ನಳಿಗೆ ಅಜ್ಜನ ಕಾಲದ್ದು, ಬುಡದಲ್ಲಿ ತುಕ್ಕು ತಿಂದು ತೆಳ್ಳಗಾದದ್ದು, ಸಿಡಿದರೆ ಅಲ್ಲೇ ಸಿಡಿಯುವುದು, ಅಪ್ಪನ ಕೆನ್ನೆ ಒರಗುವುದು ಅಲ್ಲೇ.

ಕೂಗು. ಕೂಗಬೇಕು. ಹೋದ ಸಲ ದಾರ ಮೇಲಿದ್ದದ್ದು ಕಂಡು ಕೂಗಿದ್ದಳು, ಅಪ್ಪಾ ತಡಿ, ಎಲ್ಲರ ಮುಂದೆ ಅಪ್ಪ ಈಡು ಹೊರಗೆ ತೆಗೆದ, ಎಲ್ಲ ಸರಿಯಾಗಿತ್ತು, ಬಿಲ್ಲೆ ಒಂದಿಷ್ಟು ದಪ್ಪ ಕತ್ತರಿಸಿದ್ದಳು, ಅವಳದ್ದೇ ತಪ್ಪು, ಸೀಟಿಯವನು ಅಪ್ಪನ ಮುಖದ ಮುಂದೆ ಬೆರಳು ಹಿಡಿದು ಕೇಳಿದ, ಎಷ್ಟಿದೆ ಹೇಳಿ ಯಜಮಾನ್ರೆ, ಕಣ್ಣು ಕಾಣತ್ತೆ ತಾನೆ, ಜನ ನಕ್ಕರು. ಮನೆಗೆ ಬಂದು ಚಪ್ಪಲಿ ಬಿಡುತ್ತ ಅಪ್ಪ ಬೈಯಲೂ ಇಲ್ಲ, ಇನ್ಮೇಲೆ ಜನರ ಮುಂದೆ ನನ್ನ ಈಡಿಗೆ ಬಾಯಿ ಹಾಕ್ಬೇಡ ಮಗಾ, ಇದೊಂದು ಬಿಟ್ರೆ ನನಗೇನಿದೆ. ಬೈದಿದ್ದರೆ ಚೆನ್ನಾಗಿತ್ತು. ಅಗೋ, ಗಜ ಹೊರಗೆ ಬಂತು, ದಾರವೂ ಬಂತು, ನಳಿಗೆಯ ಕೆಳಗಿನ ತನ್ನ ಜಾಗಕ್ಕೆ ಸೇರಿಕೊಂಡಿತು, ಈಗ ಯಾರಿಗೂ ಕಾಣುವುದಿಲ್ಲ, ಅವಳಿಗೆ ಮಾತ್ರ ಇನ್ನೂ ಅಲ್ಲೇ ನಿಂತಿದೆ, ಬಾಯಿಯಿಂದ ಎರಡು ಬೆರಳು ಮೇಲೆ. ಅಪ್ಪ ಕಿಡಿ ಹೊತ್ತಿಸುವ ಕೇಪು ಇಡುತ್ತಾನೆ, ಬೆರಳಲ್ಲಿ ತಡಕಿ ಇಡುತ್ತಾನೆ, ಕೇಪಿಗೆ ತಡಕಬಹುದು, ದಾರಕ್ಕೆ ತಡಕಬಾರದೇ, ಕೋವಿ ಏರುತ್ತದೆ, ಕೆನ್ನೆ ಬಾಗುತ್ತದೆ, ಅಪ್ಪಾ, ಅವಳದ್ದೇ ದನಿ, ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ, ಅಪ್ಪಾ, ಭಾವ ತಿರುಗಿದ, ಸೀಟಿಯವನು ತಿರುಗಿದ, ಸೀಟಿ ತುಟಿಯಿಂದ ಜಾರಿತು, ಸಾಲಿನಲ್ಲಿದ್ದವರೆಲ್ಲ ತಿರುಗಿದರು, ಅವನೊಬ್ಬ ತಿರುಗಲಿಲ್ಲ, ಕಿವಿಗೆ ಹತ್ತಿ, ಬೆಳಿಗ್ಗೆ ಅವಳೇ ಉಂಡೆ ಮಾಡಿ ಒತ್ತಿದ್ದು, ಭಾವನ ಮಾತಿಗೆ ತೆಗೆದವನು ಸೀಟಿಯಾದ ಮೇಲೆ ಮತ್ತೆ ತುರುಕಿಕೊಂಡದ್ದು, ಸದ್ದಿಗೆ ತಲೆನೋವು ಬರತ್ತಪ್ಪ, ಇನ್ನೊಂದು ಸ್ವಲ್ಪ ಇಡ್ತೀನಿ ಇರು — ಓಡಹೋದರೆ ಕಾಲು ಹಗ್ಗಕ್ಕೆ ಸಿಕ್ಕಿದೆ, ಅಪ್ಪ ಉಸಿರು ಹಿಡಿದಿದ್ದಾನೆ, ಬೆನ್ನು ನೋಡಿದರೆ ಗೊತ್ತಾಗುತ್ತದೆ, ಕೆಂಪು ದಾರ, ಬಾಯಿಗಿಂತ ಎರಡು ಬೆರಳು ಮೇಲೆ, ಕೆಂಪು ದಾರ