ರಕ್ತ ಬಂದ ಕಡೆ ಮುಟ್ಟಬೇಡ

ಮೂರನೆಯ ಗುಂಡಿ ಬೇರೆ ದಾರದ್ದು, ಕೋಟು ಬಿಳಿ, ಗುಂಡಿ ಬಿಳಿ, ದಾರ ಮಾತ್ರ ಕೆನೆಬಣ್ಣ, ಯಾರೋ ಅವಸರಕ್ಕೆ ಹೊಲಿದು ಬುಡಕ್ಕೆ ಸುತ್ತು ಹಾಕದೆ ಬಿಟ್ಟಿದ್ದಾರೆ, ಇವತ್ತೋ ನಾಳೆಯೋ ಉದುರುತ್ತದೆ, ಈ ಡಾಕ್ಟರಮ್ಮನಿಗೆ ಹೇಳಬೇಕು, ಹೇಳುವುದು ಹೇಗೆ, ಬಾಯಲ್ಲಿ ಪುಟ್ಟ ಕನ್ನಡಿ, ಎಂಜಲು ಹೀರುವ ಕೊಳವೆ, ಅವಳ ಎರಡು ಬೆರಳು — ಅವಳು ಅನ್ನಬೇಕೋ ಅವರು ಅನ್ನಬೇಕೋ, ವಯಸ್ಸಿಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಷ್ಟೇ, ಬಾಯೊಳಗೆ ಕೈ ಹಾಕಿದ ಮೇಲೆ ಇನ್ನೆಂಥ ಬಹುವಚನ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ, ನಾನು ಬಿಟ್ಟುಕೊಂಡು ಮಲಗಿ ಎಷ್ಟು ಹೊತ್ತಾಯಿತೋ, ದೀಪದ ಬೆಳಕು ನೆಟ್ಟಗೆ ಗಂಟಲಿಗೇ ಬಿದ್ದಿದೆ, ಕತ್ತು ನೋಯುತ್ತಿದೆ, ದವಡೆಯ ಕೀಲು ನೋಯುತ್ತಿದೆ, ನೋಯಬೇಕಾದ ಒಸಡು ಮಾತ್ರ ತೆಪ್ಪಗಿದೆ, ಈಗ ಇಂಜೆಕ್ಷನ್ನಿನಿಂದ ಸರಿ, ಇಷ್ಟು ವರ್ಷ ಏನೂ ಕೊಡದೆಯೇ ತೆಪ್ಪಗಿತ್ತಲ್ಲ, ಒಂದು ದಿನ, ಒಂದೇ ಒಂದು ದಿನ ನೋವು ಅಂತ ಕೂಗಿಕೊಂಡಿದ್ದರೆ ಓಡಿ ಬರುತ್ತಿರಲಿಲ್ಲವೇ. ನೋವಾದ್ರೆ ಎಡಗೈ ಎತ್ತಿಬಿಡಿ ಅಮ್ಮ, ಮಾತಾಡೋಕೆ ಹೋಗ್ಬೇಡಿ, ಅಂದಿದ್ದಾಳೆ, ಎಡಗೈ ಹೊಟ್ಟೆಯ ಮೇಲೆ ಬಿದ್ದುಕೊಂಡಿದೆ, ಸೂಜಿ ಚುಚ್ಚಿ ಚುಚ್ಚಿ ಕಾಯಿಕಟ್ಟಿದ ಬೆರಳುಗಳು, ಹಗಲು ಹೊತ್ತಿನಲ್ಲಿ ಹೀಗೆ ಸುಮ್ಮನೆ ಬಿದ್ದುಕೊಂಡು ಅಭ್ಯಾಸವೇ ಇಲ್ಲ ಅದಕ್ಕೆ.

ಕರಕರ ಕರಕರ, ಹಲ್ಲಿನ ಬುಡದಲ್ಲಿ ಕೆರೆಯುತ್ತಿದ್ದಾಳೆ, ಹಳೆಯ ಹೊಲಿಗೆ ಬಿಚ್ಚುವಾಗ ಬ್ಲೇಡು ಮಾಡುವ ಸದ್ದು, ಆದರೆ ತಲೆಬುರುಡೆಯ ಒಳಗೆ. ಮೊದಲು ಅಳತೆ ತೆಗೆದುಕೊಂಡಳು, ಹೌದು, ಅಳತೆಯೇ, ಗೆರೆ ಹಾಕಿದ ತೆಳ್ಳನೆಯ ಕಡ್ಡಿಯೊಂದನ್ನು ಒಸಡಿಗೂ ಹಲ್ಲಿಗೂ ನಡುವೆ ಇಳಿಸಿ ಕೂಗತೊಡಗಿದಳು, ಪಾಕೆಟ್ ಮೂರು, ಮೂರು, ಐದು, ಮೂಲೆಯಲ್ಲಿ ಕೂತ ನರ್ಸು ಹೂಂ ಹೂಂ ಅಂತ ಬರೆದುಕೊಂಡಳು, ಥೇಟ್ ನಮ್ಮ ಅಂಗಡಿ, ನಾನು ಟೇಪು ಹಿಡಿದು ಭುಜ ಹದಿನಾಲ್ಕು, ತೋಳು ಇಪ್ಪತ್ತೆರಡು ಎಂದು ಕೂಗುವುದು, ಮಗಳು ಬರೆದುಕೊಳ್ಳುವುದು. ಪಾಕೆಟ್ಟಾ ಅಂತ ಕೇಳಿದೆ, ಹೂಂ ಅಮ್ಮ, ಜೇಬು ಇದ್ದ ಹಾಗೆ, ಹಲ್ಲಿನ ಬುಡದಲ್ಲಿ ಪಾಚಿ ಕೂರುತ್ತೆ, ದಿನಾ ತೆಗೀದೆ ಬಿಟ್ರೆ ಗಾರೆ ಥರ ಗಟ್ಟಿಯಾಗುತ್ತೆ, ಒಸಡು ಊದಿಕೊಂಡು ಹಲ್ಲು ಬಿಟ್ಟು ಈಚೆ ಬರುತ್ತೆ, ಜೇಬು ಆಳ ಆಗ್ತಾ ಹೋಗುತ್ತೆ, ಅಲ್ಲಿಗೆ ಬ್ರಷ್ಷೂ ಹೋಗಲ್ಲ ಏನೂ ಹೋಗಲ್ಲ, ಒಳಗಿಂದೊಳಗೇ ಮೂಳೆ ಕರಗುತ್ತೆ. ಆರು, ಏಳು, ಎಂದು ಮತ್ತೆ ಕೂಗಿದಳು, ಏಳು ಕೂಗುವಾಗ ದನಿ ಸ್ವಲ್ಪ ಇಳಿಯಿತು, ಸೊಂಟದ ಅಳತೆ ಹೆಚ್ಚಾದವರ ಮುಂದೆ ನಾನೂ ಹಾಗೇ ದನಿ ಇಳಿಸುತ್ತೇನೆ. ಹೆಂಗಸರ ಬಟ್ಟೆಗೆ ಯಾಕೆ ಜೇಬಿಡುವುದಿಲ್ಲ ಎಂದು ಕಸುಬು ಕಲಿಸಿದವರ ಹತ್ತಿರವೇ ಜಗಳ ಆಡಿದವಳು ನಾನು, ತಗೋ, ಈಗ ಬಾಯಿ ತುಂಬ ಜೇಬು.

ಏಳರ ಜಾಗ ಕೆಳಗಿನ ಮುಂದಿನ ಹಲ್ಲು, ಅಲ್ಲಾಡುತ್ತಿರುವುದೂ ಅದೇ, ಕ್ಲೀನ್ ಮಾಡಿ ನೋಡ್ತೀನಿ ಅಮ್ಮ, ಪಕ್ಕದ ಹಲ್ಲಿಗೆ ಸೇರಿಸಿ ಕಟ್ಟಿದ್ರೆ ಉಳೀಬಹುದು, ಮಾತು ಕೊಡಲ್ಲ, ಅಂದಿದ್ದಾಳೆ. ದಾರ ಕಡಿಯುತ್ತಿದ್ದ ಹಲ್ಲು ಅದು, ಕತ್ತರಿ ಕೈಗೆ ಸಿಗುವ ಹಾಗೇ ಇದ್ದರೂ ಬಾಯಿಯೇ ಹತ್ತಿರ, ಕಚ್ಚಿ ಎಳೆದರೆ ಟಕ್ ಅಂತ ತುಂಡಾಗುವ ಸುಖ, ಮೊನ್ನೆ ಒಂದು ತೋಳಿನ ಅಂಚು ಮಡಿಸಿ ಕಚ್ಚಿದೆ, ದಾರ ಬರಲಿಲ್ಲ, ಹಲ್ಲು ಬಂತು, ಬಂತು ಅಂದರೆ ಮುಂದಕ್ಕೆ ವಾಲಿತು, ನಾಲಗೆಯಿಂದ ಒತ್ತಿ ಸರಿಮಾಡಿಕೊಂಡು ಕತ್ತರಿ ತೆಗೆದುಕೊಂಡೆ, ಎದುರು ಮೆಷಿನ್ನಿನಲ್ಲಿ ಕೂತಿದ್ದ ಮಗಳು ಪೆಡಲ್ ನಿಲ್ಲಿಸಿದಳು, ಅಮ್ಮಾ ನಿನ್ನ ಹಲ್ಲು ಅಲ್ಲಾಡ್ತು, ಏನಿಲ್ಲ ಬಿಡೇ, ಏನಿಲ್ಲ ಅಂದ್ರೆ ಏನು, ನಾನು ನೋಡ್ದೆ, ಎಂದು ಅವಳೇ ಫೋನು ಮಾಡಿ ದಿನ ಗೊತ್ತುಮಾಡಿದಳು, ಅವಳೇ ಅಂಗಡಿಗೆ ಬೀಗ ಹಾಕಿ ಕರಕೊಂಡು ಬಂದಳು, ಈಗ ಹೊರಗೆ ಆ ಬೆಂಚಿನ ಮೇಲೆ ಕೂತಿದ್ದಾಳೆ, ಹಿಂದಿನ ತಿಂಗಳ ಯಾವುದೋ ಪತ್ರಿಕೆ ತಿರುವುತ್ತ, ನೀನೂ ತೋರಿಸ್ಕೊಳ್ಳೇ ಬಂದಿದ್ದಕ್ಕೆ ಅಂದರೆ ನಂಗೇನಾಗಿದೆ, ಗಟ್ಟಿಮುಟ್ಟಾಗಿದೀನಿ, ಎಂದು ನಕ್ಕಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಈಚೆಗೆ ಕಲಿತದ್ದು ಅದು, ಮೊದಲು ಅಂಗಡಿ ಹಾರಿಹೋಗುವ ಹಾಗೆ ನಗುತ್ತಿದ್ದಳು, ಯಾರೋ ಹುಡುಗ ಇರಬೇಕು, ನಾಚಿಕೆ ಬಂದಿರಬೇಕು, ಬರಲಿ ಬಿಡು, ವಯಸ್ಸು.

ಬಾಯಿಗೆ ಕೈ ಅಡ್ಡ ನಮ್ಮಮ್ಮನೂ ಇಡುತ್ತಿದ್ದಳು, ಅವಳ ನಗು ನಾನು ಪೂರ್ತಿ ನೋಡಿದ್ದೇ ಇಲ್ಲ. ನಲವತ್ತೈದಕ್ಕೆಲ್ಲ ಬಾಯಿ ಬರಿದಾಗಿತ್ತು, ಒಂದೊಂದಾಗಿ ಬಿದ್ದವು, ಕೀಳಿಸಿದ್ದು ಎರಡೋ ಮೂರೋ ಅಷ್ಟೇ, ಉಳಿದವು ತಾವಾಗಿ ಬಂದವು, ಒಂದು ಬೆಳಿಗ್ಗೆ ಅಂಗೈಯಲ್ಲಿ ಹಲ್ಲು ಇಟ್ಟುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ಋಣ ಮುಗೀತು ಕಣೇ ಇದರದ್ದು, ನಮ್ಮ ಮನೆಯವರ ಹಲ್ಲೇ ಹಾಗೆ, ನಮ್ಮಜ್ಜಿಗೂ ಹೀಗೇ ಆಗಿತ್ತು. ಆಮೇಲೆ ಕಟ್ಟಿಸಿದ ಹಲ್ಲು ಬಂತು, ಕಿಟಕಿಯ ಹತ್ತಿರ ಲೋಟದ ನೀರಿನಲ್ಲಿ ಕೂತು ನಮ್ಮೆಲ್ಲರನ್ನೂ ನೋಡಿ ನಗುತ್ತಿತ್ತು, ಅಮ್ಮನಿಗಿಂತ ಅದೇ ಹೆಚ್ಚು ನಕ್ಕಿತು, ಹಾಕಿಕೊಂಡರೆ ಒತ್ತುತ್ತೆ ಅಂತ ಅವಳು ಬ್ರೆಡ್ಡನ್ನು ಹಾಲಲ್ಲಿ ಅದ್ದಿ, ನಮ್ಮ ಕಡೆ ಬೆನ್ನು ಮಾಡಿಕೊಂಡು, ಗೋಡೆ ನೋಡುತ್ತ ತಿನ್ನುತ್ತಿದ್ದಳು. ನಾನು ಹುಡುಗಿಯಾಗಿದ್ದಾಗ ಬಾಯಲ್ಲಿ ರಕ್ತ ಅಂತ ಹೆದರಿ ಓಡಿಹೋದರೆ ತುಟಿ ಸರಿಸಿ ನೋಡಿ, ನೋವಿದ್ಯಾ, ಇಲ್ಲ, ನೋವಿಲ್ಲ ಅಂದ್ಮೇಲೆ ಏನೂ ಇಲ್ಲ, ರಕ್ತ ಬಂದ ಕಡೆ ಮುಟ್ಟಬೇಡ, ಅಷ್ಟು ಬಿಟ್ಟು ಉಜ್ಜು. ಬಿಟ್ಟು ಉಜ್ಜಿದೆ. ಬಿಟ್ಟಷ್ಟೂ ಹೆಚ್ಚು ಬಂತು, ಹೆಚ್ಚು ಬಂದಷ್ಟೂ ಹೆಚ್ಚು ಬಿಟ್ಟೆ. ಇಂಜೆಕ್ಷನ್ನಿಗೆ ಮೊದಲು ಇದನ್ನು ಹೇಳಿದಾಗ ಡಾಕ್ಟರಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ, ಅಯ್ಯೋ ಅಮ್ಮ, ರಕ್ತ ಬರೋ ಕಡೆನೇ ಉಜ್ಜಬೇಕು, ಮೆತ್ತನೆ ಬ್ರಷ್ಷು, ಮೆತ್ತಗೆ, ಒಸಡಿನ ಕಡೆ ಓರೆ ಹಿಡ್ಕೊಂಡು, ಆದ್ರೆ ಬಿಡಬಾರದು, ರಕ್ತ ಬಂತು ಅಂದ್ರೆ ಅಲ್ಲಿ ಕೊಳೆ ಇದೆ ಅಂತ ಅರ್ಥ. ಹಂಗಾದ್ರೆ ನಮ್ಮ ಮನೆತನದ ಹಲ್ಲು ಅಂತ ಅಮ್ಮ ಅಂತಿದ್ದದ್ದು, ಎಂದೆ. ಮನೆತನದ್ದು ಸ್ವಲ್ಪ ಇರುತ್ತೆ, ಸಿಗರೇಟು, ತಂಬಾಕು, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಜಾಸ್ತಿ, ಆದ್ರೆ ಉದುರಲೇಬೇಕು ಅಂತ ಯಾರ ಹಣೇಲೂ ಬರೆದಿಲ್ಲ, ಶುರುವಲ್ಲೇ ಬಂದಿದ್ರೆ ಒಂದ್ಸಲ ಕ್ಲೀನಿಂಗು, ಆಮೇಲೆ ದಿನಾ ಬ್ರಷ್ಷು, ದಾರ, ಒಸಡು ಮತ್ತೆ ಗಟ್ಟಿಯಾಗಿ ಹಲ್ಲು ಹಿಡ್ಕೊಂಡುಬಿಡ್ತಿತ್ತು, ಮೂಳೆ ಹೋದ್ಮೇಲೆ ವಾಪಸ್ ಬರಲ್ಲ, ಇದ್ದಷ್ಟು ಉಳಿಸ್ಕೋಬಹುದು ಅಷ್ಟೇ. ಎಷ್ಟು ಸುಲಭವಾಗಿ ಅಂದುಬಿಟ್ಟಳು, ಪಾಪ ಅವಳಿಗೇನು ಗೊತ್ತು, ಗೋಡೆ ನೋಡಿಕೊಂಡು ಬ್ರೆಡ್ಡು ತಿಂದವಳ ವಿಷಯ. ಹಣೆಬರಹ ಅಂತ ಒಪ್ಪಿಕೊಂಡಿದ್ದಾಗ ನೋವಿರಲಿಲ್ಲ ಅಮ್ಮಾ, ಈಗ, ನೀನು ಹೋಗಿ ಇಷ್ಟು ವರ್ಷದ ಮೇಲೆ, ಹೊಟ್ಟೆ ಉರಿಯುತ್ತಿದೆ.

ದಾರ ಅಂತೆ, ಮೇಣ ಹಚ್ಚಿದ ದಾರ, ಹಲ್ಲಿನ ಸಂದಿಗೆ ಇಳಿಸಿ ಎರಡು ಪಕ್ಕಕ್ಕೂ ತಬ್ಬಿಸಿ ಮೇಲಕ್ಕೆಳೆಯಬೇಕಂತೆ, ಬದುಕೆಲ್ಲ ದಾರಕ್ಕೆ ಹಲ್ಲು ಹಾಕಿದೆ, ಹಲ್ಲಿಗೆ ದಾರ ಹಾಕುವುದು ಹೊಳೆಯಲೇ ಇಲ್ಲ, ಅಕ್ಕಸಾಲಿಗನ ಹೆಂಡತಿಯ ಬರಿಗಿವಿ ಅಂದ ಹಾಗಾಯಿತು. ಬಾಯಿ ವಾಸನೆ ಬರ್ತಿತ್ತಾ ಅಮ್ಮ, ಎಂದು ಕೇಳಿದಳು, ಇಲ್ಲಮ್ಮ ಅಂದೆ, ಅನ್ನುವಾಗಲೇ ಪೆಪ್ಪರ್‌ಮಿಂಟು ನೆನಪಾಯಿತು. ಇವರು ಲಾರಿ ಓಡಿಸಿಕೊಂಡು ವಾರಗಟ್ಟಲೆ ಹೋಗುತ್ತಾರೆ, ಬರುವಾಗ ಇನ್ನೇನು ಮರೆತರೂ ಪೆಪ್ಪರ್‌ಮಿಂಟಿನ ಪೊಟ್ಟಣ ಮರೆಯುವುದಿಲ್ಲ, ಕೈಗೆ ಕೊಡುವುದಿಲ್ಲ, ಬಿಡಿಸಿ ತಾವೇ ಬಾಯಿಗೆ ಹಾಕುತ್ತಾರೆ, ತಗೋ, ಸಿಹಿ ತಿನ್ನು, ಆಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಾರೆ, ದಣಿದಿದ್ದಾರೆ ಅಂದುಕೊಂಡೆ, ಪೆಪ್ಪರ್‌ಮಿಂಟನ್ನು ಪ್ರೀತಿ ಅಂದುಕೊಂಡೆ, ಪಕ್ಕದ ಅಂಗಡಿಯವಳಿಗೆ ಜಂಬದಿಂದ ಹೇಳಿಯೂ ಇದ್ದೆ. ಪ್ರೀತಿಯೇ ಇರಬಹುದು, ನಿನ್ನ ಬಾಯಿ ನಾರುತ್ತೆ ಅನ್ನದೆ ಸಿಹಿ ಹಾಕುವುದು ಇನ್ನೇನು, ಆದರೂ ಹೇಳಬಾರದಿತ್ತೇ ಮಾರಾಯ್ರೇ, ಒಂದು ಮಾತು, ಜಗಳವೇ ಆಗುತ್ತಿತ್ತು, ಆಗಲಿ, ಹಲ್ಲು ಉಳಿಯುತ್ತಿತ್ತು. ಯಾರೂ ಏನೂ ಅನ್ನದ ಮನೆ ನಮ್ಮದು, ಹಲ್ಲು ಕಚ್ಚಿಕೊಂಡು ಬದುಕುವ ಮನೆ, ಈಗ ಕಚ್ಚಿಕೊಳ್ಳೋಣವೆಂದರೆ ಹಲ್ಲೇ ವಾಲುತ್ತದೆ.

ಸಾಕಾಗಿದೆ, ಎದ್ದು ಹೋಗಿ ಮಲಗಿಬಿಡಬೇಕು, ಇವತ್ತು ಈ ಕಡೆ ಅರ್ಧ, ಮುಂದಿನ ವಾರ ಆ ಕಡೆ ಅರ್ಧವಂತೆ, ಆಮೇಲೆ ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕಂತೆ, ಬದುಕಿರುವ ತನಕ. ದಿನಾ ರಕ್ತ ಬರುತ್ತಾ ಅಮ್ಮ, ಅಂತ ಡಾಕ್ಟರಮ್ಮ ಕೇಳಿದಳು, ದಿನಾ ಬರುತ್ತೆ, ಬೇಸಿನ್ನಿನ ಬಿಳಿಯ ಮೇಲೆ ಗುಲಾಬಿ ಗೆರೆ, ಬಿಳಿ ಬಟ್ಟೆಗೆ ಬಣ್ಣ ಬಿಟ್ಟ ದಾರದ ಹಾಗೆ, ಇವರು ನೋಡಬಾರದು ಮಗಳು ನೋಡಬಾರದು ಎಂದು ನಲ್ಲಿ ತಿರುಗಿಸಿ ಬೆರಳಿಂದ ಉಜ್ಜಿ ಕಳಿಸುತ್ತೇನೆ, ಕೈಗೆ ಅಭ್ಯಾಸವಾಗಿಹೋಗಿದೆ, ಕಣ್ಣು ಬಿಡುವ ಮೊದಲೇ ಕೈ ಮಾಡುತ್ತದೆ, ಇವತ್ತು ಬೆಳಿಗ್ಗೆಯೂ ಹಾಗೇ, ಗೆರೆ ಕಂಡಿತು, ನಲ್ಲಿ, ಬೆರಳು, ಹೋಯಿತು. ಇವತ್ತು ಬ್ರಷ್ ಮಾಡಿದ್ರಾ ಅಂತಲೂ ಕೇಳಿದಳು, ಹೂಂ ಅಂದೆ, ಸುಳ್ಳು, ಉಜ್ಜಿದರೆ ರಕ್ತ ಹಸಿಹಸಿಯಾಗಿ ಕಾಣುತ್ತದೆ, ಡಾಕ್ಟರ ಮುಂದೆ ಮಾನ ಹೋಗುತ್ತದೆ ಎಂದು ಬ್ರಷ್ಷು ಮುಟ್ಟಲೇ ಇಲ್ಲ, ಅಡುಗೆಮನೆಗೆ ಹೋಗಿ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದೆ, ಅಲ್ಲೇ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಉಗಿದೆ, ಎಂಥ ಬುದ್ಧಿವಂತಿಕೆ, ಕಡ್ಡಿ ಮುಟ್ಟಿಸಿದ ಕೂಡಲೇ ಬಾಯೆಲ್ಲ ಕೆಂಪಾಯಿತು — ಅಡುಗೆಮನೆಯಲ್ಲಿ ಉಗಿದೆ, ಹೌದು, ಬ್ರಷ್ಷು ಮುಟ್ಟಲಿಲ್ಲ, ಹೌದು, ನಿನ್ನೆ ರಾತ್ರಿ ಬೇಸಿನ್ನು ನಾನೇ ಪುಡಿ ಹಾಕಿ ತಿಕ್ಕಿ ತೊಳೆದಿದ್ದೆ, ಫಳಫಳ ಅಂತಿತ್ತು, ಹಾಗಾದರೆ ಬೆಳಿಗ್ಗೆ ಆ ಗೆರೆ

ಇವರು ಲಾರಿಯಲ್ಲಿದ್ದಾರೆ, ಬರುವುದು ಇನ್ನೂ ನಾಲ್ಕು ದಿನ. ಮನೆಯಲ್ಲಿ ನಾನು, ಮಗಳು. ನನಗಿಂತ ಮೊದಲು ಎದ್ದವಳು ಅವಳು, ಬೇಗ ಏಳಮ್ಮಾ ಡಾಕ್ಟರು ಕಾಯಲ್ಲ, ಎನ್ನುತ್ತ ಟವೆಲ್ಲಿನಿಂದ ಮುಖ ಒರೆಸಿಕೊಂಡು ಈಚೆ ಬಂದಳು, ನಾನು ಒಳಗೆ ಹೋದೆ, ನಲ್ಲಿ ತಿರುಗಿಸಿದೆ. ಎಷ್ಟು ಬೆಳಿಗ್ಗೆ ಅವಳದನ್ನು ನನ್ನದೆಂದು ತೊಳೆದಿದ್ದೇನೆ, ಎಷ್ಟು ಬೆಳಿಗ್ಗೆ ಅವಳೇ ತೊಳೆದಿದ್ದಾಳೆ, ನಲ್ಲಿ ತಿರುಗಿಸಿ, ಬೆರಳಿಂದ, ಅಮ್ಮ ನೋಡಬಾರದೆಂದು. ಬಾಯಿಗೆ ಕೈ ಅಡ್ಡ. ಹುಡುಗನೂ ಇಲ್ಲ, ನಾಚಿಕೆಯೂ ಇಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಕಾಲ, ಬಾಯಲ್ಲಿ ನೊರೆ ಇಟ್ಟುಕೊಂಡೇ ಮೆಷಿನ್ನಿನ ಹತ್ತಿರ ಓಡಿ ಬಂದಿದ್ದಳು, ಅಮ್ಮಾ ರಕ್ತ, ತುಟಿ ಸರಿಸಿ ನೋಡಿದೆ, ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದೆ, ನೋವಿದ್ಯಾ ಕಂದಾ, ಇಲ್ಲ, ಹಂಗಾದ್ರೆ ಏನೂ ಇಲ್ಲ, ರಕ್ತ ಬಂದ ಕಡೆ ಮುಟ್ಟಬೇಡ, ಅಷ್ಟು ಬಿಟ್ಟು ಉಜ್ಜು, ಎಂದು ಮತ್ತೆ ಪೆಡಲ್ ತುಳಿದೆ, ಅವಳು ಹೇಳಿದ ಮಾತು ಕೇಳುವ ಮಗು, ಕೇಳಿದಳು, ಇವತ್ತಿನ ತನಕ ಕೇಳುತ್ತಿದ್ದಾಳೆ. ಶುರುವಲ್ಲೇ ಬಂದಿದ್ರೆ, ಅಂದಳಲ್ಲ ಡಾಕ್ಟರಮ್ಮ. ಮಗಳು ಹೊರಗೇ ಕೂತಿದ್ದಾಳೆ, ಒಂದು ಬಾಗಿಲಿನ ಆಚೆ, ನಂಗೇನಾಗಿದೆ ಅಂತ.

ಕರಕರ ನಿಂತಿತು. ನೋವಾಯ್ತಾ ಅಮ್ಮ, ಇನ್ನೊಂದು ಇಂಜೆಕ್ಷನ್ ಕೊಡ್ಲಾ, ಕೇಳುತ್ತಿದ್ದಾಳೆ, ನನ್ನ ಎಡಗೈ ಮೇಲಿದೆ, ಯಾವಾಗ ಎತ್ತಿದೆನೋ, ಇಲ್ಲ, ನೋವಿಲ್ಲ, ನೋವಿಲ್ಲ ಅನ್ನುವುದೇ — ನಾಲಗೆ ಬಾಯಲ್ಲಿ ಯಾರದೋ ಸಾಮಾನಿನ ಹಾಗೆ ಬಿದ್ದಿದೆ, ತುಟಿ ಎಲ್ಲಿದೆಯೋ ಗೊತ್ತಾಗುತ್ತಿಲ್ಲ, ಹೊರಗೆ ಅನ್ನಹೋದರೆ ಹೊಹಗೆ, ಹೊಹಗೆ, ಏನಮ್ಮ, ಮೊದಲು ಉಗೀರಿ, ಆಮೇಲೆ ಹೇಳಿ, ನನ್ನ ಹಲ್ಲು ಉಳಿದರೆ ಉಳಿಯಲಿ ಬಿದ್ದರೆ ಬೀಳಲಿ, ಮೊದಲು ಅವಳನ್ನು ಕರೆಯಿರಿ, ಕೈ ಇಳಿಸುವುದಿಲ್ಲ ನಾನು, ಕರೆಯುವ ತನಕ ಇಳಿಸುವುದಿಲ್ಲ, ಪಕ್ಕದ ಬಟ್ಟಲಿಗೆ ಬಾಗುತ್ತೇನೆ, ಉಗಿಯುತ್ತೇನೆ, ಬಿಳಿ ಬಟ್ಟಲು, ಇದು ನನ್ನದು, ಇದು ನನ್ನದೇ, ಬೆಳಗಿನದು ನನ್ನದಲ್ಲ, ಬಿಳಿಯ ಮೇಲೆ ಎಳೆದ ಆ ಗುಲಾಬಿ ಗೆರೆ, ನಾನು ಬೆರಳಿಂದ ಉಜ್ಜಿ ತೊಳೆದ ಆ ಗೆರೆ, ಆ ಗೆರೆ