ಗಾಜಿನ ಹಕ್ಕಿಗೆ ಕರಿಯ ಅಂಚು

ಅಕ್ಕ ಊದಿ ಮಾಡಿದ ಗಾಜಿನ ಹಕ್ಕಿಗಳ ಚಿತ್ರಗಳನ್ನು ಅಂಗಡಿಯವರು ಹಿಂದಿರುಗಿಸಿದ್ದರು. ಹಕ್ಕಿಯೇ ಕಾಣದ ಚಿತ್ರವನ್ನು ಕ್ಯಾಟಲಾಗಿನಲ್ಲಿ ಅಚ್ಚು ಹಾಕುವುದು ಹೇಗೆ? ಇಂದು ಸಂಜೆಯೊಳಗೆ ಬೇರೆ ಕಳುಹಿಸಿ, ಇಲ್ಲವಾದರೆ ಬಿಡಿ ಎಂಬುದು ಅವರ ಕಡೆಯ ಮಾತು. ಅಕ್ಕನದೂ ಒಂದು ಕಡೆಯ ಮಾತಿತ್ತು: ಈ ಸಲವೂ ಕೈಗೂಡದಿದ್ದರೆ ತಂಗಿಯ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿರುವ, ಗಾಜು ಕಾಯಿಸುವ ಬರ್ನರ್ ಬಿಚ್ಚಿಟ್ಟು ಬಾಟಲಿ ಕಾರ್ಖಾನೆಗೆ ಸೇರುವುದು.

ಚಿತ್ರ ತೆಗೆದವಳು ತಂಗಿ. ಗುರುತಿನ ಚೀಟಿಗಳಿಗೆ ಮುಖ ಹಿಡಿಯುವುದು ಅವಳ ಕಸುಬು. ಎದುರಿನಿಂದ ಎರಡು ದೀಪ, ಹಿಂದೆ ಬಿಳಿ ಪರದೆ, ನೆರಳು ಕೂಡದು, ಕಿವಿಗಳೆರಡೂ ಕಾಣಬೇಕು. ಅಭ್ಯಾಸಬಲದಿಂದ ಹಕ್ಕಿಗಳನ್ನೂ ಹಾಗೆಯೇ ಕೂರಿಸಿದ್ದಳು. ಬೆಳಕು ಗಾಜನ್ನು ಹೊಕ್ಕು, ಹೇಳದೆ ಕೇಳದೆ ಆಚೆ ಹೊರಟುಹೋಗಿತ್ತು. ಉಳಿದದ್ದು ಬಿಳಿಯ ಮೇಲೆ ಬಿಳಿ, ಹೊಟ್ಟೆಯ ಮೇಲೆ ಎರಡು ದೀಪಗಳ ಹೊಳಪು.

ಇಂದೂ ಬೆಳಗಿನಿಂದ ದೀಪಗಳನ್ನು ಏರಿಸಿದಳು, ಇಳಿಸಿದಳು. ಹಕ್ಕಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಹಕ್ಕಿಗೇನು ಪಾಸ್‌ಪೋರ್ಟ್ ಮಾಡಿಸ್ತಿದ್ದೀಯೇನೇ?" ಎಂದಳು ಅಕ್ಕ. "ಮೊದಲು ಆ ದೀಪ ಆ ಕಡೆ ತಿರುಗಿಸು. ಕಣ್ಣಿಗೆ ಹೊಡೀತಿದೆ."

ವಾದಕ್ಕೆ ತ್ರಾಣವಿಲ್ಲದೆ ತಂಗಿ ದೀಪಗಳೆರಡನ್ನೂ ಹಿಂದಿನ ಪರದೆಯತ್ತ ತಿರುಗಿಸಿದಳು. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಭಾವ ಬಂದರು. ರೈಲಿನಲ್ಲಿ ಟಿಕೆಟ್ ನೋಡುವವರು; ಮೈಮೇಲೆ ಇನ್ನೂ ಕರಿಯ ಕೋಟು.

"ಎಲ್ಲಿ, ನಿಮ್ಮ ಮದುಮಗಳು ರೆಡಿಯಾದಳಾ?" ಎನ್ನುತ್ತ ಮೇಜಿನ ಬಲಪಕ್ಕದಿಂದ ಬಗ್ಗಿ ನೋಡಿದರು.

ಕ್ಯಾಮೆರಾಕ್ಕೆ ಕಣ್ಣಿಟ್ಟಿದ್ದ ತಂಗಿ ಉಸಿರು ಬಿಗಿಹಿಡಿದಳು. ಹಕ್ಕಿಯ ಬಲ ಮಗ್ಗುಲಿಗೆ, ಕೊಕ್ಕಿನಿಂದ ಬಾಲದವರೆಗೆ, ಮಸಿಯಲ್ಲಿ ಎಳೆದಂತೆ ಒಂದು ಸಣ್ಣ ಗೆರೆ ಮೂಡಿತ್ತು.

"ಭಾವ, ಅಲ್ಲಾಡಬೇಡಿ!"

"ಯಾಕಮ್ಮ, ಹಲ್ಲಿ ಬಿತ್ತಾ?"

"ನಿಮ್ಮ ಕೋಟು ಗಾಜಿನ ಅಂಚಿಗೆ ಬಂದು ಕೂತಿದೆ. ಅಕ್ಕಾ, ಎಡಗಡೆಗೆ ಕಪ್ಪಗಿರೋದು ಏನಾದ್ರೂ ಹಿಡಿ, ಬೇಗ!"

ಅಕ್ಕ ಬಾಗಿಲ ಹಿಂದಿನ ಕರಿಯ ಕೊಡೆಯನ್ನು ಬಿಚ್ಚಿ ಹಿಡಿದಳು. ಎಡ ಮಗ್ಗುಲಿಗೂ ಗೆರೆ ಬಂತು. ಬೆಳಗುವ ಪರದೆಯ ಮುಂದೆ ಹಕ್ಕಿ ಇಡಿಯಾಗಿ ಎದ್ದು ನಿಂತಿತು.

"ಹಸಿದ ಹೊಟ್ಟೇಲಿ ಗಂಡನ್ನ ಗೋಡೆ ಮಾಡಿದ್ರಲ್ಲ, ಅಕ್ಕತಂಗಿ ಸೇರಿ!" ಭಾವ ಗೊಣಗಿದರು.

"ಮಾತಾಡಬೇಡಿ, ಗೆರೆ ನಡುಗುತ್ತೆ," ಎಂದಳು ಅಕ್ಕ.

ಒಂದೊಂದಾಗಿ ಹಕ್ಕಿಗಳೆಲ್ಲ ಬಂದು ಕೂತು ಎದ್ದವು. ಕೊನೆಗೆ ತಂಗಿ ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಚಿತ್ರ ತೋರಿಸಿದಾಗ ಅಕ್ಕ ಕೊಡೆ ಮಡಚುವುದನ್ನೇ ಮರೆತಳು. ಜ್ವಾಲೆಯ ಮುಂದೆ, ಕಪ್ಪು ಕನ್ನಡಕದೊಳಗಿಂದ, ಕೆಂಪಗೆ ಕಾದ ಮುದ್ದೆಯಾಗಿಯೇ ಅವಳು ಇವನ್ನು ಹೆಚ್ಚು ನೋಡಿದ್ದಳು.

"ಈ ಕತ್ತು ನಾನೇ ತಿರುಗಿಸಿದ್ದಾ?" ಎಂದಳು ಮೆಲ್ಲಗೆ.

ಚಿತ್ರಗಳು ಅಂಗಡಿಗೆ ಹೋದವು. ತಂಗಿ ಫೋನನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಳು. ಅದು ಸದ್ದಿಲ್ಲದೆ ಬಿದ್ದಿತ್ತು. ಸದ್ದಾದದ್ದು ಹಿಂದಿನ ಕೋಣೆಯಲ್ಲಿ: ಬರ್ನರ್ ಭುಸ್ಸೆಂದು ಹೊತ್ತಿಕೊಂಡಿತು.

"ಅವರ ಉತ್ತರ ಇನ್ನೂ ಬಂದಿಲ್ಲವಲ್ಲೇ!" ಭಾವ ಕೂಗಿದರು.

"ಬಂದಾಗ ಬರಲಿ," ಒಳಗಿನಿಂದ ಅಕ್ಕನ ದನಿ. "ಕತ್ತು ತಿರುಗಿಸಿ ಕೂತಿರೋ ಆ ಹಕ್ಕಿಗೆ ಜೊತೆ ಬೇಡ್ವಾ? ನೀವು ಕೋಟು ಮಾತ್ರ ಒಗೆಯೋಕೆ ಹಾಕಬೇಡಿ."